ಅಡುಗೆಮನೆ ವಿಡಿಯೋದಲ್ಲಿ ಕಪ್ಪು ಪಟ್ಟೆ ಜಾರುತ್ತಿದೆ, ಸಹಾಯ ಮಾಡಿ

ಹೊಸಬ_ಹಾಸನ:
ಮೊದಲ ಸಲ ವಿಡಿಯೋ ಮಾಡುತ್ತಿದ್ದೇನೆ. ಅಜ್ಜಿ ಹೋಳಿಗೆ ತಟ್ಟೋದನ್ನು ಐದು ನಿಮಿಷದಲ್ಲಿ ತೋರಿಸಬೇಕು ಅಂತ ಆಸೆ. ಎರಡು ಸಂಜೆ ಕೂತು ಶೂಟ್ ಮಾಡಿದೆ. ಎಡಿಟ್‌ಗೆ ಹಾಕಿದರೆ ಎಲ್ಲಾ ಕ್ಲಿಪ್‌ನಲ್ಲೂ ಮಬ್ಬು ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಜಾರುತ್ತಿವೆ. ಬರಿಗಣ್ಣಿಗೆ ಕಾಣೋದೇ ಇಲ್ಲ. ಫೋನ್ ಹೊಸದು. ಅಜ್ಜಿ ಊರಿಗೆ ಹೋಗಿಬಿಟ್ಟರು. ತಲೆ ಕೆಟ್ಟುಹೋಗಿದೆ. ಯಾವ ಸಾಫ್ಟ್‌ವೇರ್‌ನಲ್ಲಿ ಇದನ್ನು ತೆಗೆಯಬಹುದು?

ಬೆಳಕಿನಬುಟ್ಟಿ:
ಬಲ್ಬ್‌ದೇ ತೊಂದರೆ. ಅಗ್ಗದ ಎಲ್‌ಇಡಿಯಲ್ಲಿ ಡ್ರೈವರ್ (ಬಲ್ಬ್‌ಗೆ ಕರೆಂಟ್ ಹದ ಮಾಡಿ ಕೊಡುವ ಸರ್ಕ್ಯೂಟ್) ಸರಿ ಇರಲ್ಲ, ಮಿನುಗುತ್ತೆ. ಒಳ್ಳೇದು ತಂದು ಹಾಕಿ.

ಹೊಸಬ_ಹಾಸನ:
ತಂದೆ ಸರ್. ಪಟ್ಟೆ ತೆಳುವಾಯಿತು, ಹೋಗಲಿಲ್ಲ.

ಬೆಳಕಿನಬುಟ್ಟಿ:
ಹಾಗಾದರೆ ಇನ್ನೂ ಒಳ್ಳೆಯದು ಬೇಕು. ವೋಲ್ಟೇಜ್ ಕೂಡ ನೋಡಿಸಿ. ಎಲೆಕ್ಟ್ರಿಷಿಯನ್‌ಗೆ ಹೇಳಿ ಅಡುಗೆಮನೆ ಲೈನ್ ಚೆಕ್ ಮಾಡಿಸಿ.

ಕಡಲ_ಕ್ಲಿಕ್:
ಫೋನ್ ಬಿಡಿ, ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ತಗೊಳ್ಳಿ. ನನ್ನ ಹತ್ತಿರ ಇರೋದು ಕ್ಯಾಮೆರಾನೇ. ಒಂದು ದಿನವೂ ಪಟ್ಟೆ ಕಂಡಿಲ್ಲ.

ಹಳೇಲೆನ್ಸ್:
ಷಟರ್, ಅಂದರೆ ಒಂದೊಂದು ಫ್ರೇಮಿಗೆ (ಚಿತ್ರಕ್ಕೆ) ಬೆಳಕು ಬೀಳುವ ಹೊತ್ತು, ತಪ್ಪಿದ್ದರೆ ನಿಮ್ಮ ಕ್ಯಾಮೆರಾದಲ್ಲೂ ಪಟ್ಟೆ ಬರುತ್ತೆ. ಅವರಿಗೆ ಸುಮ್ನೆ ಖರ್ಚು ಹೇಳಬೇಡಿ. ಹೊಸಬರೇ, ಷಟರ್ ಎಷ್ಟಕ್ಕೆ ಇಟ್ಟಿದ್ದಿರಿ?

ಹೊಸಬ_ಹಾಸನ:
ಪ್ರೊ ಮೋಡ್‌ನಲ್ಲಿ (ಸೆಟ್ಟಿಂಗ್ ನಾವೇ ಇಡುವ ಕಡೆ) 1/60 ಸೆಕೆಂಡ್. ಫ್ರೇಮ್ ರೇಟ್ ಸೆಕೆಂಡಿಗೆ 30. ಅಮೆರಿಕದವರೊಬ್ಬರ ಪಾಠದಲ್ಲಿ ಷಟರ್ ಸಂಖ್ಯೆ ಫ್ರೇಮ್ ರೇಟಿನ ಎರಡರಷ್ಟು ಇಡಿ ಅಂದಿದ್ದರು. ಎಲ್ಲರೂ ಅದನ್ನೇ ಇಡುತ್ತಾರಲ್ವಾ, ಅದಕ್ಕೇ ಬರೆಯಲಿಲ್ಲ.

ಹಳೇಲೆನ್ಸ್:
ಸಿಕ್ಕಿತು ನೋಡಿ. ಅಮೆರಿಕದ ಕರೆಂಟ್ 60 ಹರ್ಟ್ಸ್ (ಸೆಕೆಂಡಿಗೆ 60 ಸುತ್ತು), ನಮ್ಮದು 50. ಒಂದು ಸುತ್ತಿಗೆ ಎರಡು ಸಲದಂತೆ ನಮ್ಮ ಮನೆಯ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತೆ. 1/50 ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಏರಿಳಿತದ ಬೆಳಕು ಬೀಳುತ್ತೆ. 1/100 ಇಟ್ಟರೆ ಒಂದು. 1/60ರಲ್ಲಿ ಒಂದು ಮುಕ್ಕಾಲಿಗೆ ಹತ್ತಿರ, ಅಂದರೆ ಲೆಕ್ಕ ಕೂಡಿಬರಲ್ಲ. ಫೋನಿನ ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುತ್ತೆ. ಒಂದು ಸಾಲಿಗೆ ಬೆಳಕು ಜಾಸ್ತಿ, ಇನ್ನೊಂದಕ್ಕೆ ಕಡಿಮೆ. ಅದೇ ನಿಮ್ಮ ಪಟ್ಟೆ. ಎರಡರಷ್ಟು ಅನ್ನೋದು ಚಲನೆ ಸಹಜವಾಗಿ ಕಾಣಲಿ ಅಂತ ಇರುವ ನಿಯಮ, ದೀಪಕ್ಕಲ್ಲ. 30 ಫ್ರೇಮ್‌ಗೂ ಧೈರ್ಯವಾಗಿ 1/50 ಇಡಿ.

ಬೆಳಕಿನಬುಟ್ಟಿ:
ಆದರೂ ಬಲ್ಬ್ ಬದಲಿಸಿದಾಗ ಪಟ್ಟೆ ತೆಳುವಾಯಿತಲ್ಲ? ನಾನು ಹೇಳಿದ್ದು ತಪ್ಪಲ್ಲ.

ಹಳೇಲೆನ್ಸ್:
ತಪ್ಪಲ್ಲ. ಒಳ್ಳೆಯ ಡ್ರೈವರ್ ಇದ್ದರೆ ಏರಿಳಿತ ಕಡಿಮೆ. ಆದರೆ ಲೈನ್ ಚೆಕ್ ಮಾಡಿಸೋದು ಬೇಕಿರಲಿಲ್ಲ.

ಹೊಸಬ_ಹಾಸನ:
1/50 ಇಟ್ಟೆ. ಅದೇ ಒಲೆ, ಅದೇ ದೀಪ, ಒಂದು ಪಟ್ಟೆಯೂ ಇಲ್ಲ! ತುಂಬಾ ಥ್ಯಾಂಕ್ಸ್. ಆದರೆ ಅಜ್ಜಿಯ ಹಳೇ ಕ್ಲಿಪ್‌ಗಳು? ಅವನ್ನು ಕಳೆದುಕೊಳ್ಳಲು ಮನಸ್ಸಿಲ್ಲ.

ಕಡಲ_ಕ್ಲಿಕ್:
ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಡಿಫ್ಲಿಕರ್ (ಮಿನುಗು ತೆಗೆಯುವ ಸಾಧನ) ಇದೆ.

ಹಳೇಲೆನ್ಸ್:
ಅದು ದುಡ್ಡು ಕೊಟ್ಟು ಕೊಳ್ಳುವ ಸ್ಟುಡಿಯೋ ಆವೃತ್ತಿಯಲ್ಲಿ ಮಾತ್ರ. ಖರ್ಚಿಲ್ಲದ ದಾರಿ ಒಂದಿದೆ. 30 ಫ್ರೇಮ್‌ನಲ್ಲಿ ಪಟ್ಟೆ ಮೂರು ಫ್ರೇಮಿಗೊಮ್ಮೆ ಅದೇ ಜಾಗಕ್ಕೆ ಬರುತ್ತೆ. ಒಂದೇ ಕ್ಲಿಪ್ಪನ್ನು ಮೂರು ಟ್ರ್ಯಾಕ್‌ನಲ್ಲಿ ಒಂದರ ಮೇಲೊಂದು ಇಡಿ. ಮಧ್ಯದ್ದನ್ನು ಒಂದು ಫ್ರೇಮ್, ಮೇಲಿನದನ್ನು ಎರಡು ಫ್ರೇಮ್ ಸರಿಸಿ. ಒಪಾಸಿಟಿ (ಎಷ್ಟು ಶೇಕಡಾ ದಟ್ಟವಾಗಿ ಕಾಣಬೇಕು ಅನ್ನೋದು) ಕೆಳಗಿನದಕ್ಕೆ 100, ಮಧ್ಯದ್ದಕ್ಕೆ 50, ಮೇಲಿನದಕ್ಕೆ 33. ಮೂರೂ ಸಮನಾಗಿ ಬೆರೆತು ಪಟ್ಟೆ ಬಹುಪಾಲು ಕರಗುತ್ತೆ. ಧ್ವನಿ ಒಂದೇ ಟ್ರ್ಯಾಕ್‌ನಿಂದ ಬರಲಿ, ಉಳಿದೆರಡನ್ನು ಮ್ಯೂಟ್ ಮಾಡಿ.

ಕಡಲ_ಕ್ಲಿಕ್:
ಇದು ಗೊತ್ತಿರಲಿಲ್ಲ ಅಣ್ಣ. ಕಿಡೆನ್‌ಲೈವ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೂ ಆಗುತ್ತಾ?

ಹೊಸಬ_ಹಾಸನ:
ಮಾಡಿದೆ. ಹೂರಣದ ಪಾತ್ರೆ, ಕಾವಲಿ ಮೇಲೆ ಉಬ್ಬುವ ಹೋಳಿಗೆ, ಎಲ್ಲಾ ಚೆನ್ನಾಗಿ ಬಂದಿವೆ. ಅಜ್ಜಿ ಬಾಳೆಎಲೆ ಮೇಲೆ ಬೇಗ ಬೇಗ ತಟ್ಟುವಲ್ಲಿ ಮಾತ್ರ ಮೂರು ಮೂರು ಕೈ ಕಾಣುತ್ತೆ. ಆ 20 ಸೆಕೆಂಡ್ ಮತ್ತೆ ಶೂಟ್ ಮಾಡಬೇಕು. ಭಾನುವಾರ ಊರಿಗೆ ಹೊರಟಿದ್ದೇನೆ. ಅಲ್ಲಿ ಅಡುಗೆಮನೆಯಲ್ಲಿ ಒಂದೇ ಹಳೇ ಟ್ಯೂಬ್‌ಲೈಟ್ ಇರೋದು.

ಹಳೇಲೆನ್ಸ್:
ಟ್ಯೂಬ್‌ಲೈಟ್ ಆಫ್ ಮಾಡಿ. ಬೆಳಿಗ್ಗೆ ಕಿಟಕಿ ಪಕ್ಕ ಅಜ್ಜಿಯನ್ನು ಕೂರಿಸಿ. ಬಿಸಿಲಿಗೆ ಏರಿಳಿತ ಇಲ್ಲ, ಅಲ್ಲಿ ನಿಮ್ಮ 1/60 ಕೂಡ ನಡೆಯುತ್ತೆ.