ನಂದಿ ಬೆಟ್ಟಕ್ಕೂ ಹೆದ್ದಾರಿಗೂ ಒಂದೇ ಜೋಡಿ ಗಾಲಿ: 30 ಮಿ.ಮೀ. ಆಳದ ಅಲಾಯ್ ಕ್ಲಿಂಚರ್ ಆರಿಸುವುದು ಹೇಗೆ?

ಬಳ್ಳಾಪುರ_ಸವಾರ:

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಬಳ್ಳಾಪುರದವನು. ನನ್ನದು ರಿಮ್ ಬ್ರೇಕಿನ (ಪ್ಯಾಡು ಗಾಲಿಯ ಹೊರಬಳೆಯಾದ ರಿಮ್ಮನ್ನೇ ಹಿಡಿಯುವಂಥದ್ದು), ಹಿಂದೆ 10 ಸ್ಪೀಡಿನ (ಹತ್ತು ಹಲ್ಲುಚಕ್ರಗಳ) ರೋಡ್ ಬೈಕ್. ಸೈಕಲ್ಲಿನ ಜೊತೆಗೇ ಬಂದಿದ್ದ ಗಾಲಿಗಳಲ್ಲಿ ಹಿಂದಿನ ರಿಮ್ಮು ಬ್ರೇಕ್ ಪ್ಯಾಡ್ ಉಜ್ಜುವ ಜಾಗದಲ್ಲಿ ಒಳಕ್ಕೆ ತಗ್ಗಿದೆ. ಸವೆತ ತೋರಿಸಲೆಂದು ಕೊರೆದಿದ್ದ ಸಣ್ಣ ಗುಳಿ ಈಗ ಕಾಣುತ್ತಲೇ ಇಲ್ಲ. ಹಾಗಾಗಿ ಹೊಸ ಜೋಡಿ ಕೊಳ್ಳಲೇಬೇಕು.

ವಾರದ ನಡುವೆ ರಾಷ್ಟ್ರೀಯ ಹೆದ್ದಾರಿ 44ರ ಸರ್ವಿಸ್ ರಸ್ತೆ ಹಿಡಿದು ದೇವನಹಳ್ಳಿ ಕಡೆಗೆ ಹೋಗುತ್ತೇನೆ. ಭಾನುವಾರ ನಂದಿ ಬೆಟ್ಟ, ಆಗಾಗ ಶಿಡ್ಲಘಟ್ಟ, ಚಿಂತಾಮಣಿ ರಸ್ತೆ. ಈ ಚಳಿಗಾಲದಲ್ಲಿ 200 ಕಿ.ಮೀ. ಬ್ರೆವೆಯನ್ನು (ಕಾಲಮಿತಿಯಿರುವ ದೂರದ ಸೈಕಲ್ ಸವಾರಿ) ನಿಗದಿತ 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕೆಂಬ ಆಸೆಯಿದೆ. ನನ್ನ ತೂಕ 78 ಕೆ.ಜಿ., ಸೈಕಲ್ಲು ನೀರಿನ ಬಾಟಲಿಯೂ ಸೇರಿ 10 ಕೆ.ಜಿ. ಆಗಬಹುದು.

ಕಾರ್ಬನ್ ಬೇಡವೆಂದು ಮೊದಲೇ ತೀರ್ಮಾನಿಸಿದ್ದೇನೆ. 30ರಿಂದ 35 ಮಿ.ಮೀ. ಆಳದ (ಟೈರಿನಿಂದ ಗಾಲಿಯ ನಡುವಿನ ಕಡೆಗೆ ರಿಮ್ಮಿನ ಎತ್ತರ) ಅಲಾಯ್ ಕ್ಲಿಂಚರ್, ಅಂದರೆ ಒಳಗೆ ಟ್ಯೂಬಿಟ್ಟು ಟೈರ್ ಕೂರಿಸುವ ಅಲ್ಯೂಮಿನಿಯಂ ರಿಮ್ಮುಗಳತ್ತ ಮನಸ್ಸು ವಾಲಿದೆ. ಈ ಆಳದಿಂದ ನಿಜಕ್ಕೂ ಪ್ರಯೋಜನವಿದೆಯೇ, ಅಥವಾ ಬೆಟ್ಟ ಹತ್ತುವವನು ಆಳ ಕಡಿಮೆಯಿರುವ ಹಗುರ ರಿಮ್ಮನ್ನೇ ಹುಡುಕಬೇಕೇ? ಕಡ್ಡಿಗಳು (ಸ್ಪೋಕ್) ಎಷ್ಟಿರಬೇಕು? ತಿಳಿದವರು ದಯವಿಟ್ಟು ತಿಳಿಸಿ.

ಶಿಡ್ಲಘಟ್ಟ_ರಸ್ತೆ:

ಮೊದಲಿಗೆ ಒಂದು ಮಾತು ಸರ್. ಗುಳಿ ಅಳಿಸಿಹೋದ ಆ ಹಿಂದಿನ ಗಾಲಿಯಲ್ಲಿ ದಯವಿಟ್ಟು ಇನ್ನು ಬೆಟ್ಟ ಇಳಿಯಬೇಡಿ. ಗೋಡೆ ತೆಳುವಾದ ರಿಮ್ಮು ಟ್ಯೂಬಿನ ಒತ್ತಡಕ್ಕೆ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ, ಮುನ್ಸೂಚನೆ ಕೊಡುವುದಿಲ್ಲ.

ಇನ್ನು ತೂಕದ ಪ್ರಶ್ನೆ. ನೀವು, ಸೈಕಲ್ಲು ಎಲ್ಲ ಸೇರಿ 88 ಕೆ.ಜಿ. ಎಂದಿಟ್ಟುಕೊಳ್ಳೋಣ. ಹೊಸ ಗಾಲಿಯಿಂದ 300 ಗ್ರಾಂ ಉಳಿದರೆ ಅದು ಒಟ್ಟು ತೂಕದ ಶೇ. 0.34 ಮಾತ್ರ. ಏರಿನಲ್ಲಿ ನಮ್ಮ ಶಕ್ತಿಯ ಬಹುಭಾಗ ತೂಕ ಎತ್ತುವುದಕ್ಕೇ ಹೋಗುವುದರಿಂದ ಸಮಯದ ಉಳಿತಾಯವೂ ಹೆಚ್ಚೆಂದರೆ ಅದೇ ಪ್ರಮಾಣದಲ್ಲಿರುತ್ತದೆ. ಅಂದರೆ ಬುಡದಿಂದ ಮೇಲಕ್ಕೆ 40 ನಿಮಿಷ ತೆಗೆದುಕೊಳ್ಳುವವರಿಗೆ ಸುಮಾರು 8 ಸೆಕೆಂಡು. ಗಾಲಿಯ ತೂಕ ತಿರುಗುವ ತೂಕ, ಅದಕ್ಕೆ ದುಪ್ಪಟ್ಟು ಬೆಲೆ ಎನ್ನುವವರಿದ್ದಾರೆ. ವೇಗ ಹೆಚ್ಚಿಸುವ ಆ ಕ್ಷಣಕ್ಕೆ ಅದು ನಿಜ, ಒಂದೇ ಸಮನೆ ಹತ್ತುವಾಗ ಗ್ರಾಂ ಎಲ್ಲಿದ್ದರೂ ಗ್ರಾಮೇ.

ಆಳದ ವಿಷಯವೂ ಹೀಗೆಯೇ. ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 30 ಕಿ.ಮೀ. ಇದ್ದದ್ದು 40 ಆದರೆ ಬೇಕಾಗುವ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚು. ಆದ್ದರಿಂದ ಆಳದ ರಿಮ್ಮಿನ ಲಾಭ ದೇವನಹಳ್ಳಿ ರಸ್ತೆಯಲ್ಲಿ ಒಂದಿಷ್ಟು ಕಾಣುತ್ತದೆ, ನಂದಿಯ ತಿರುವುಗಳಲ್ಲಿ ಕಾಣುವುದಿಲ್ಲ. ಆಗಲೂ 30 ಮಿ.ಮೀ. ಅಲಾಯ್ ರಿಮ್ಮು ಉಳಿಸುವುದು ಕೆಲವೇ ವ್ಯಾಟ್. ಮೈಗೆ ಅಂಟಿದಂತಿರುವ ಜೆರ್ಸಿ ತೊಟ್ಟು ಕೈಗಳನ್ನು ಹ್ಯಾಂಡಲಿನ ಕೆಳಬಾಗಾದ ಡ್ರಾಪ್‌ಗೆ ಇಳಿಸಿದರೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ. ಈ ಆಳದ ಒಳ್ಳೆಯ ಗುಣವೆಂದರೆ ಅದು ತೊಂದರೆ ಕೊಡುವುದಿಲ್ಲ. ನಮ್ಮ ಹೆದ್ದಾರಿ ಹೆಚ್ಚುಕಡಿಮೆ ತೆಂಕಣದಿಂದ ಬಡಗಣಕ್ಕೆ ಸಾಗುತ್ತದೆ, ಮುಂಗಾರಿನ ಗಾಳಿ ಪಶ್ಚಿಮದಿಂದ ನುಗ್ಗುತ್ತದೆ. ಜೂನ್, ಜುಲೈನಲ್ಲಿ ಲಾರಿಯೊಂದು ಹಾದುಹೋದ ಮರುಗಳಿಗೆ ಬಡಿಯುವ ಅಡ್ಡಗಾಳಿಗೆ 50 ಮಿ.ಮೀ. ಆಳದ ಮುಂದಿನ ಗಾಲಿ ಹ್ಯಾಂಡಲನ್ನೇ ಎಳೆಯುತ್ತದೆ, 30ರದ್ದು ಅಷ್ಟು ಎಳೆಯುವುದಿಲ್ಲ.

ಗಾಲಿ_ತುಮಕೂರು:

ನಾನು ತುಮಕೂರಿನಲ್ಲಿ ಗಾಲಿ ಕಟ್ಟುವ, ಬೆಂಡು ತೆಗೆಯುವ ಕೆಲಸ ಮಾಡುತ್ತೇನೆ. ಮೇಲಿನವರ ಲೆಕ್ಕಕ್ಕೆ ನನ್ನ ಒಪ್ಪಿಗೆಯಿದೆ. ಆದರೆ ಬಳ್ಳಾಪುರದವರು ಕಡೆಗೆ ಕೇಳಿದ ಕಡ್ಡಿಗಳ ಪ್ರಶ್ನೆಯನ್ನೇ ಮೊದಲು ಕೇಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ರಿಮ್ಮು ಆಳವಾದಷ್ಟೂ ಗಟ್ಟಿಯಾಗುತ್ತದೆ. ಆ ಗಟ್ಟಿತನವನ್ನೇ ನೆಚ್ಚಿಕೊಂಡು ಕಂಪನಿಗಳು ಕಡ್ಡಿಗಳನ್ನು ಕಡಿಮೆ ಮಾಡುತ್ತವೆ. ಕ್ಯಾಂಪಗ್ನೋಲೋ ಝೋಂಡಾದ ರಿಮ್ ಬ್ರೇಕ್ ಗಾಲಿಯಲ್ಲಿ ಮುಂದೆ 16, ಹಿಂದೆ 21 ಕಡ್ಡಿಗಳು. ಬಹಳ ಸೊಗಸಾದ ಗಾಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಕಡ್ಡಿ ಆ ಗಾಲಿಗೆಂದೇ ಮಾಡಿದ್ದು, ಇಲ್ಲಿನ ಅಂಗಡಿಗಳಲ್ಲಿ ಸಿಗುವಂಥದ್ದಲ್ಲ. ಕಡ್ಡಿ ಕಡಿಮೆಯಿದ್ದಾಗ ಒಂದು ಮುರಿದರೂ ರಿಮ್ಮು ಪಕ್ಕಕ್ಕೆ ವಾಲಿ ಬ್ರೇಕಿಗೆ, ಕೆಲವೊಮ್ಮೆ ಫ್ರೇಮಿಗೇ ತಾಗುತ್ತದೆ. 28 ಕಡ್ಡಿಯ ಗಾಲಿಯಾದರೆ ಬ್ರೇಕಿನ ಕ್ವಿಕ್ ರಿಲೀಸ್ ಸಡಿಲಿಸಿ ಮೆಲ್ಲಗೆ ಮನೆ ಸೇರಬಹುದು. ಊರಿನಿಂದ 90 ಕಿ.ಮೀ. ದೂರದಲ್ಲಿ, ಬ್ರೆವೆಯ ಗಡಿಯಾರ ಓಡುತ್ತಿರುವಾಗ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಯೋಚಿಸಿ.

ಹೆಚ್ಚಾಗಿ ಮುರಿಯುವುದು ಹಿಂದಿನ ಗಾಲಿಯ ಕಡ್ಡಿ. ಕ್ಯಾಸೆಟ್ಟಿಗೆ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಜಾಗ ಬಿಡಲು ಗಾಲಿಯ ನಡುವಿನ ಹಬ್ಬಿನ ಬಲಗಡೆಯ ಅಂಚು ಒಳಗೆ ಸರಿದಿರುತ್ತದೆ. ರಿಮ್ಮು ನಡುವೆ ನಿಲ್ಲಬೇಕಾದರೆ ಬಲಗಡೆಯ ಕಡ್ಡಿಗಳನ್ನು ಹೆಚ್ಚು ಬಿಗಿಯಬೇಕು, ಎಡಗಡೆಯವು ಸಡಿಲವಾಗಿಯೇ ಉಳಿಯುತ್ತವೆ. ಸಡಿಲವಾದ ಕಡ್ಡಿ ಪ್ರತಿ ಸುತ್ತಿನಲ್ಲೂ ಬಿಗಿದು ಸಡಿಲಿಸಿ ದಣಿಯುತ್ತದೆ; ಒಂದು ದಿನ ಹಬ್ಬಿನ ಬಳಿಯ ಬಾಗಿನಲ್ಲಿ ತುಂಡಾಗುತ್ತದೆ. ಅಂಗಡಿಯಲ್ಲಿ ಗಾಲಿ ಕೈಗೆ ಬಂದಾಗ ಅಕ್ಕಪಕ್ಕದ ಎರಡೆರಡು ಕಡ್ಡಿಗಳನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಒತ್ತುತ್ತಾ ಇಡೀ ಸುತ್ತು ಬನ್ನಿ. ಒಂದೇ ಬದಿಯ ಕಡ್ಡಿಗಳಲ್ಲಿ ಒಂದು ಜೋಡಿ ಗಟ್ಟಿಯಾಗಿ ಇನ್ನೊಂದು ಮೆತ್ತಗಿದ್ದರೆ, ಗಾಲಿ ನೇರವಾಗಿ ತಿರುಗಿದರೂ ಅದನ್ನು ಸರಿಯಾಗಿ ಕಟ್ಟಿಲ್ಲವೆಂದೇ ಅರ್ಥ.

ನಿಮ್ಮ ತೂಕಕ್ಕೆ ಮುಂದೆ 24, ಹಿಂದೆ 28, ತುದಿ ಬಾಗಿದ ಸಾಮಾನ್ಯ ಕಡ್ಡಿ, ಹಿತ್ತಾಳೆಯ ನಿಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟು): ಇದು ನನ್ನ ಸಲಹೆ. ಕಿನ್‌ಲಿನ್ ಎಕ್ಸ್‌ಆರ್31ಟಿಯಂಥ, 31 ಮಿ.ಮೀ. ಆಳದ ರಿಮ್ಮನ್ನು ತರಿಸಿ ಬೇಕಾದ ಹಬ್ಬಿಗೆ ಕಟ್ಟಿಸಿಕೊಳ್ಳಬಹುದು. ಅದೇ ಉದ್ದದ ಕಡ್ಡಿಗಳನ್ನು ನಾಲ್ಕು ಹೆಚ್ಚಿಗೆ ಕೇಳಿ ಪಡೆದು, ಎರಡನ್ನು ಚೈನಿನ ಪಕ್ಕದ ಫ್ರೇಮ್ ಕೊಳವೆಯಾದ ಚೈನ್‌ಸ್ಟೇಗೆ ಟೇಪಿನಿಂದ ಸುತ್ತಿಡಿ.

ಕೋಲಾರ_ಬೆಳಗು:

ಕಟ್ಟಿಸುವ ಗಾಲಿಯ ಬಗ್ಗೆ ಇಷ್ಟು ಒಳ್ಳೆಯ ಮಾತು ಕೇಳಿದರೂ ನಾನು ಸ್ವಲ್ಪ ಭಿನ್ನವಾಗಿ ಹೇಳಬೇಕಾಗಿದೆ. ಕಾರ್ಖಾನೆಯಿಂದ ಬಂದ, ಕಡಿಮೆ ಕಡ್ಡಿಯ 30 ಮಿ.ಮೀ. ಗಾಲಿಗಳಲ್ಲಿ ನಾನು ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ರಸ್ತೆಗಳಲ್ಲಿ ವರ್ಷಗಳಿಂದ ಓಡಾಡುತ್ತಿದ್ದೇನೆ, ಕಡ್ಡಿ ಮುರಿದಿಲ್ಲ. ನನ್ನ ತೂಕ 56 ಕೆ.ಜಿ. ಎಂಬುದೂ ಇದಕ್ಕೆ ಕಾರಣವಿರಬಹುದು. ಹಗುರ ಸವಾರರು ಈ ಚರ್ಚೆ ಓದಿ ಅನಗತ್ಯವಾಗಿ ಹೆದರಬಾರದೆಂದು ಬರೆಯುತ್ತಿದ್ದೇನೆ.

ಅಲಾಯ್ ಆರಿಸಿದ್ದು ಮಾತ್ರ ಸರಿಯಾದ ನಿರ್ಧಾರ. ನಂದಿಯಿಂದ ಇಳಿಯುವಾಗ 88 ಕೆ.ಜಿ. ತೂಕ ನಾನೂರು ಮೀಟರಿಗಿಂತ ಹೆಚ್ಚು ಕೆಳಗಿಳಿಯುತ್ತದೆ, ಅಂದರೆ ಮೂರು ಲಕ್ಷ ಜೂಲ್‌ಗೂ ಮೀರಿದ ಶಕ್ತಿ. ಅದರಲ್ಲಿ ಗಾಳಿಯ ಪಾಲು ಕಳೆದು ಉಳಿದದ್ದು ಬಹುತೇಕ ಬಿಸಿಯಾಗಿ ರಿಮ್ಮಿಗೇ ಸೇರುತ್ತದೆ. ಅಲ್ಯೂಮಿನಿಯಂ ಆ ಬಿಸಿಯನ್ನು ಬೇಗ ಹರಡಿ ಗಾಳಿಗೆ ಬಿಡುತ್ತದೆ. ಕಾರ್ಬನ್ನಿನ ರೆಸಿನ್ (ನಾರುಗಳನ್ನು ಹಿಡಿದಿಡುವ ಅಂಟು) ಮೆತ್ತಗಾಗುವ ಅಪಾಯವಿದೆ. ಹಾಗೆಂದು ಅಲಾಯ್ ರಿಮ್ಮಿನಲ್ಲೂ ಇಳಿಜಾರಿನುದ್ದಕ್ಕೂ ಬ್ರೇಕ್ ಎಳೆದುಕೊಂಡೇ ಬರಬೇಡಿ. ತಿರುವಿಗೆ ಮುಂಚೆ ಬಲವಾಗಿ ಹಿಡಿದು, ಆಮೇಲೆ ಬಿಟ್ಟುಬಿಡಿ.

ಮಳೆಯಲ್ಲಿ ಓಡಿಸಿ ಬಂದ ದಿನ ಬ್ರೇಕ್ ಪ್ಯಾಡುಗಳನ್ನು ಬಿಚ್ಚಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ನಮ್ಮ ಕೆಂಪು ಮಣ್ಣಿನ ಕಣಗಳ ನಡುವೆ ಮಿರಮಿರ ಮಿನುಗುವ ಅಲ್ಯೂಮಿನಿಯಂ ಚೂರುಗಳು ರಬ್ಬರಿನಲ್ಲಿ ಕಚ್ಚಿಕೊಂಡಿರುತ್ತವೆ. ಪಿನ್ನಿನಿಂದ ಕಿತ್ತು, ಉಪ್ಪುಕಾಗದದಿಂದ ಮೇಲ್ಮೈ ಒಮ್ಮೆ ಉಜ್ಜಿ. ಹಾಗೇ ಬಿಟ್ಟರೆ ಪ್ಯಾಡೇ ಹೊಸ ರಿಮ್ಮನ್ನು ಕೆರೆಯುತ್ತದೆ.

ಬಳ್ಳಾಪುರ_ಸವಾರ:

ಮೂವರಿಗೂ ಧನ್ಯವಾದಗಳು. ಹಳೆಯ ಹಿಂದಿನ ಗಾಲಿಯನ್ನು ಇಂದೇ ಬಿಚ್ಚಿಟ್ಟಿದ್ದೇನೆ. ನನ್ನ ತೂಕ ನೋಡಿದರೆ 24/28ರ ಗಾಲಿ ಕಟ್ಟಿಸುವುದೇ ಸರಿಯೆನಿಸುತ್ತಿದೆ. ಉಳಿದದ್ದು ಎರಡು ಸಂಶಯ. ಈಗಿನ ಹಬ್ಬುಗಳು ಹೆಚ್ಚಾಗಿ 11 ಸ್ಪೀಡಿನವು, ನನ್ನ ಶಿಮಾನೋ 10 ಸ್ಪೀಡ್ ಕ್ಯಾಸೆಟ್ ಅದಕ್ಕೆ ಕೂರುತ್ತದೆಯೇ? 28 ಮಿ.ಮೀ. ಅಗಲದ ಟೈರ್ ಹಾಕಬಹುದೇ?

ಗಾಲಿ_ತುಮಕೂರು:

ಕ್ಯಾಸೆಟ್ ಕೂರುತ್ತದೆ ಸರ್. 11 ಸ್ಪೀಡಿನ ಫ್ರೀಹಬ್ (ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗ) 10 ಸ್ಪೀಡಿನದಕ್ಕಿಂತ 1.85 ಮಿ.ಮೀ. ಹೆಚ್ಚು ಉದ್ದ, ಅಷ್ಟೇ ದಪ್ಪದ ಸ್ಪೇಸರ್ ಬಳೆಯನ್ನು ಮೊದಲು ಹಾಕಬೇಕು. ನಿಮ್ಮ 10 ಸ್ಪೀಡ್ ಕ್ಯಾಸೆಟ್ಟಿನ ಹಿಂದೆ ಈಗಾಗಲೇ 1 ಮಿ.ಮೀ. ತೆಳು ಬಳೆಯಿದ್ದರೆ ಅದನ್ನೂ ಎಸೆಯದೆ ಸೇರಿಸಿ, ಇಲ್ಲದಿದ್ದರೆ ಲಾಕ್‌ರಿಂಗ್ ಬಿಗಿದರೂ ಕ್ಯಾಸೆಟ್ ಅಲ್ಲಾಡುತ್ತದೆ.

ಟೈರಿನ ವಿಷಯಕ್ಕೆ ಮೊದಲು ನಿಮ್ಮ ಫ್ರೇಮನ್ನೇ ಅಳೆಯಿರಿ. ಒಳ ಅಗಲ 19 ಮಿ.ಮೀ. ಇರುವ ರಿಮ್ಮಿನಲ್ಲಿ 25ರ ಟೈರೇ ಸುಮಾರು 27ಕ್ಕೆ ಹಿಗ್ಗುತ್ತದೆ, 28ರದ್ದು ಇನ್ನೂ ಹಿಗ್ಗಿ ಹಳೆಯ ಬ್ರೇಕಿನ ಕಮಾನಿಗೆ ತಾಗಬಹುದು. ಗಾಳಿ ತುಂಬಿದ ಟೈರಿಗೂ ಫ್ರೇಮಿಗೂ ಎಲ್ಲ ಕಡೆ 4 ಮಿ.ಮೀ. ಬಿಡುವಿದ್ದರೆ 28 ಹಾಕಿ, ಸರ್ವಿಸ್ ರಸ್ತೆಯ ಹಂಪುಗಳಲ್ಲಿ ಕೈಗೂ ರಿಮ್ಮಿಗೂ ಹಿತ. ಇಲ್ಲವಾದರೆ 25 ಸಾಕು.

ಟ್ಯೂಬುಗಳನ್ನು ಗಾಲಿಯ ಜೊತೆಗೇ ತರಿಸಿಬಿಡಿ. 31 ಮಿ.ಮೀ. ರಿಮ್ಮಿಗೆ 48 ಅಥವಾ 60 ಮಿ.ಮೀ. ಉದ್ದದ ಪ್ರೆಸ್ಟಾ ವಾಲ್ವ್ (ರೋಡ್ ಬೈಕಿನ ತೆಳು ವಾಲ್ವ್) ಇರುವ ಟ್ಯೂಬ್ ಬೇಕು, ದಾರಿಯಲ್ಲಿ ಪಂಕ್ಚರ್ ಆದರೆ ಊರಿನ ಅಂಗಡಿಯಲ್ಲಿ ಅದು ಸಿಗುತ್ತದೆಂದು ನಂಬಿಕೊಂಡು ಹೊರಡಬೇಡಿ. ಮೊದಲ ಇನ್ನೂರು, ಮುನ್ನೂರು ಕಿ.ಮೀ. ಓಡಿದ ಮೇಲೆ ಕಟ್ಟಿದವರ ಬಳಿಗೆ ಗಾಲಿಗಳನ್ನು ಒಯ್ದು ಕಡ್ಡಿಗಳ ಬಿಗಿತ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ. ಬ್ರೆವೆಗೆ ಹೋಗುವುದು ಆಮೇಲೆಯೇ ಆಗಲಿ.