1984ರ ಹಾರ್ಡ್‌ಕೋರ್: ನಿಮ್ಮ ಆರು ಆಲ್ಬಂ ಯಾವುವು?

ಕರಿತಟ್ಟೆ:

ಒಂದು ವರ್ಷ, ಆರು ರೆಕಾರ್ಡು. ಸಂಗೀತ ಹಾರ್ಡ್‌ಕೋರ್, ಅಂದರೆ ಪಂಕ್ ರಾಕ್‌ನ ವೇಗದ, ಒರಟು ರೂಪ. ವರ್ಷ 1984. ಜನವರಿಯಿಂದ ಡಿಸೆಂಬರ್ ಒಳಗೆ ಬಿಡುಗಡೆ ಆಗಿರಬೇಕು. ಯಾವಾಗ ರೆಕಾರ್ಡ್ ಮಾಡಿದರು ಅನ್ನೋದು ಲೆಕ್ಕಕ್ಕಿಲ್ಲ. ಇಪಿಗಳೂ (ಕೆಲವೇ ಹಾಡಿನ ಗಿಡ್ಡ ರೆಕಾರ್ಡು) ಆಗಬಹುದು, ಸಂಕಲನಗಳು ಬೇಡ.

ಈ ವರ್ಷವನ್ನೇ ಆರಿಸಿದ್ದಕ್ಕೆ ಕಾರಣ ಇದೆ. 1981-82ರ ಹೊತ್ತಿಗೆ ಅಮೆರಿಕದ ಹಾರ್ಡ್‌ಕೋರ್ ಎಷ್ಟು ವೇಗವಾಗಿ ಓಡಬಹುದೋ ಅಷ್ಟೂ ಓಡಿ ಆಗಿತ್ತು. 1983ರಲ್ಲಿ ಮುಂಚೂಣಿಯಲ್ಲಿದ್ದ ಮೈನರ್ ಥ್ರೆಟ್ ಬ್ಯಾಂಡೇ ನಿಂತುಹೋಯಿತು. ಇನ್ನು ಮುಂದೇನು ಅನ್ನುವ ಪ್ರಶ್ನೆಗೆ ಒಂದೊಂದು ಊರು ಒಂದೊಂದು ಥರ ಉತ್ತರ ಕೊಟ್ಟಿದ್ದು 1984ರಲ್ಲಿ.

ಸದ್ಯಕ್ಕೆ ನನ್ನ ಪಟ್ಟಿ: ಹಸ್ಕರ್ ಡೂ ಅವರ ‘ಝೆನ್ ಆರ್ಕೇಡ್’, ಮಿನಟ್‌ಮೆನ್ ಅವರ ‘ಡಬಲ್ ನಿಕಲ್ಸ್ ಆನ್ ದ ಡೈಮ್’, ಬ್ಲ್ಯಾಕ್ ಫ್ಲ್ಯಾಗ್ ಅವರ ‘ಮೈ ವಾರ್’, ‘ಮೀಟ್ ಪಪೆಟ್ಸ್ 2’, ಅಗ್ನಾಸ್ಟಿಕ್ ಫ್ರಂಟ್ ಅವರ ‘ವಿಕ್ಟಿಮ್ ಇನ್ ಪೇನ್’. ಆರನೆಯದಕ್ಕೆ ‘ನ್ಯೂ ಡೇ ರೈಸಿಂಗ್’ ಹಾಕೋಣ ಅಂತಿದ್ದೇನೆ.

ಥ್ರ್ಯಾಶ್ ಮೆಟಲ್ (ಹೆವಿ ಮೆಟಲ್‌ನ ಅತಿವೇಗದ ರೂಪ) ಕೇಳಿ ಬೆಳೆದು ಈಗ ಪಂಕ್ ಕಡೆ ಬರುತ್ತಿರುವವರಿಗೆ ಕೊಡಲಿಕ್ಕೆ ಈ ಪಟ್ಟಿ. ಅವರಿಂದ ಪದೇಪದೇ ಬರುವ ದೂರುಗಳು ಮೂರು. ‘ಝೆನ್ ಆರ್ಕೇಡ್’ ತೆಳ್ಳಗೆ, ಕಿವಿ ಚುಚ್ಚುವ ಹಾಗೆ ಕೇಳಿಸುತ್ತದೆ. ‘ಡಬಲ್ ನಿಕಲ್ಸ್’ ಯಾವ ಆವೃತ್ತಿ ಕೇಳಬೇಕೋ ತಿಳಿಯುವುದಿಲ್ಲ. ‘ಮೈ ವಾರ್’ ಎರಡನೇ ಬದಿ ಎಳೆದೂ ಎಳೆದೂ ಸಾಕಾಗುತ್ತದೆ. ಮೂರಕ್ಕೂ ತಿಳಿದವರು ಉತ್ತರ ಕೊಡಿ.

ನಾಲ್ಕುತಂತಿ:

ಮೊದಲು ನಿಯಮ. ‘ನ್ಯೂ ಡೇ ರೈಸಿಂಗ್’ ರೆಕಾರ್ಡ್ ಆಗಿದ್ದು 1984ರಲ್ಲಿ, ಬಿಡುಗಡೆ 1985ರ ಜನವರಿ. ನೀವೇ ಹಾಕಿದ ನಿಯಮದ ಪ್ರಕಾರ ಅದು ಹೊರಗೆ.

‘ಝೆನ್ ಆರ್ಕೇಡ್’ ತೆಳ್ಳಗಿರುವುದಕ್ಕೆ ಕಾರಣ ರೆಕಾರ್ಡಿಂಗಿನಲ್ಲೇ ಇದೆ, ನಿಮ್ಮ ಸೆಟ್ಟಿನಲ್ಲಲ್ಲ. 1983ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ರೆಡಾಂಡೊ ಬೀಚ್‌ನ ಟೋಟಲ್ ಆಕ್ಸೆಸ್ ಸ್ಟುಡಿಯೊದಲ್ಲಿ, ಸ್ಪಾಟ್ ಎಂಬ ನಿರ್ಮಾಪಕರ ಕೈಯಲ್ಲಿ ರೆಕಾರ್ಡ್ ಆಯಿತು. ನುಡಿಸಿದ್ದು 45 ಗಂಟೆ, ಮಿಕ್ಸ್ ಮಾಡಿದ್ದು ಒಂದೇ ಬೈಠಕ್ಕಿನಲ್ಲಿ 40 ಗಂಟೆ. ಖರ್ಚು 3,200 ಡಾಲರ್. ಹೆಚ್ಚುಕಡಿಮೆ ಎಲ್ಲ ಹಾಡೂ ಮೊದಲ ಟೇಕ್, ಅಂದರೆ ಮೊದಲ ಸಲ ನುಡಿಸಿದ್ದೇ. ನಾಲ್ಕು ಬದಿಯ ಆಲ್ಬಂ ಅಷ್ಟರಲ್ಲೇ ಮುಗಿದಿದೆ ಅಂದಮೇಲೆ ಪ್ರತಿ ಹಾಡಿಗೂ ಕೂತು ಕಿಕ್ ಡ್ರಮ್ಮಿನ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಸದ್ದು ತಿದ್ದುವುದಕ್ಕೆ ಸಮಯ ಎಲ್ಲಿಂದ ಬರಬೇಕು?

ಜೊತೆಗೆ ಹಸ್ಕರ್ ಡೂ ಬ್ಯಾಂಡಿನ ಬಾಬ್ ಮೋಲ್ಡ್ ಗಿಟಾರೇ ಜಾಗವನ್ನೆಲ್ಲ ನುಂಗುತ್ತದೆ. ಐಬನೆಜ್ ಕಂಪನಿಯ ಫ್ಲೈಯಿಂಗ್ ವಿ ಮಾದರಿಯ ಗಿಟಾರು, ಎಂಎಕ್ಸ್‌ಆರ್ ಡಿಸ್ಟಾರ್ಷನ್ ಪ್ಲಸ್ ಎಂಬ, ಸದ್ದನ್ನು ಒರಟಾಗಿಸುವ ಪೆಡಲ್. ಕೆಳಗಿನ ತಂತಿಗಳಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಹಿಡಿದಿರುವಾಗಲೇ ಮೇಲಿನ ತೆಳು ತಂತಿಗಳು ಬಿಟ್ಟ ತಂತಿಗಳಾಗಿ ಮೊರೆಯುತ್ತಿರುತ್ತವೆ, ತಂಬೂರಿಯ ಶ್ರುತಿಯ ಹಾಗೆ. ಗ್ರೆಗ್ ನಾರ್ಟನ್ ಬೇಸ್ ಗಿಟಾರು ಆ ಮೊರೆತದ ಅಡಿಯಲ್ಲಿ ಹೂತುಹೋಗುತ್ತದೆ.

ಮಾಡಬೇಕಾದ್ದು ಇಷ್ಟು. ಈಕ್ವಲೈಸರ್‌ನಲ್ಲಿ 3ರಿಂದ 4 ಕಿಲೋಹರ್ಟ್ಝ್ ಭಾಗವನ್ನು 2-3 ಡೆಸಿಬೆಲ್ ಇಳಿಸಿ. 100 ಹರ್ಟ್ಝ್ ಸುತ್ತ 2 ಡೆಸಿಬೆಲ್ ಏರಿಸಿ. ಅಲ್ಲಿಗೆ ನಿಲ್ಲಿಸಿ. ಬೇಸ್ ಇನ್ನೂ ಏರಿಸಿದರೆ ಕಿಕ್ ಗಟ್ಟಿಯಾಗುವುದಿಲ್ಲ, ಬರೀ ಗುಂಯ್‌ಗುಡುವಿಕೆ ಬರುತ್ತದೆ. ಟೇಪಿನಲ್ಲೇ ಇಲ್ಲದ್ದನ್ನು ಈಕ್ವಲೈಸರ್ ಹುಟ್ಟಿಸಲಾರದು. ಕಿವಿಯೊಳಗೆ ತೂರಿಸುವ ಇಯರ್‌ಫೋನ್‌ಗಿಂತ ಸ್ಪೀಕರ್ ವಾಸಿ, ಎದುರಿಗೆ ಐದಾರು ಅಡಿ ದೂರ ಕೂತು ಕೇಳಿ. ಮೊದಲ ಸಲವೇ 70 ನಿಮಿಷ ಒಟ್ಟಿಗೆ ನುಂಗಲು ಹೋಗಬೇಡಿ. ಎರಡು ಬದಿ ಕೇಳಿ, ಬಿಡುವು ಕೊಟ್ಟು, ಉಳಿದೆರಡು. ಮನೆ ಬಿಟ್ಟು ಹೊರಟ ಹುಡುಗನ ಕತೆ ಅದು, ಹಾಡುಗಳ ಕ್ರಮ ಕದಡಿದರೆ ಎಳೆ ತಪ್ಪುತ್ತದೆ. ಕೊನೆಯ ವಾದ್ಯ ಹಾಡು ಸುಮಾರು 14 ನಿಮಿಷ. ಮೂರು ವರ್ಷ ಹಿಂದೆ ಒಂದು ಹಾರ್ಡ್‌ಕೋರ್ ಬ್ಯಾಂಡಿನ ಇಡೀ ಆಲ್ಬಮ್ಮೇ ಅಷ್ಟು ಉದ್ದ ಇರುತ್ತಿತ್ತು.

ಇನ್ನು ‘ಡಬಲ್ ನಿಕಲ್ಸ್’. ಇದಕ್ಕೆ ಈಕ್ವಲೈಸರ್ ಮುಟ್ಟಲೇಬೇಡಿ. ಮಿನಟ್‌ಮೆನ್ ಗಿಟಾರ್ ವಾದಕ ಡಿ. ಬೂನ್ ತನ್ನ ಟೆಲಿಕಾಸ್ಟರ್‌ನ ಬೇಸ್ ಪೂರ್ತಿ ಇಳಿಸಿ ಟ್ರೆಬಲ್ ಏರಿಸುತ್ತಿದ್ದುದು ಬೇಕೆಂದೇ. ಕೆಳಗಿನ ಜಾಗ ಮೈಕ್ ವಾಟ್‌ನ ಬೇಸ್ ಗಿಟಾರಿಗೆ ಬಿಟ್ಟುಕೊಟ್ಟದ್ದು. ಮೂವರಿಗೂ ಸಮಪಾಲು ಅನ್ನುವುದು ಆ ಬ್ಯಾಂಡಿನ ರಾಜಕೀಯ ನಿಲುವು, ಅದನ್ನು ಸದ್ದಿನಲ್ಲೂ ಪಾಲಿಸಿದರು. ನುಡಿಸಿ ನೋಡುವವರು ಆಂಪ್‌ನಲ್ಲಿ ಬೇಸ್ 1-2, ಟ್ರೆಬಲ್ 7-8, ಗೇನ್ (ಸದ್ದಿನ ಒರಟುತನ ಏರಿಸುವ ಗುಂಡಿ) ಸ್ವಲ್ಪವೇ ಇಟ್ಟು ಶುರುಮಾಡಿ. ಗೇನ್ ಏರಿಸಿದರೆ ಆ ಚಿಕ್ಕಚಿಕ್ಕ ಕಾರ್ಡುಗಳ ಕತ್ತರಿಸುವ ಪೆಟ್ಟು ಕಲಸಿಹೋಗುತ್ತದೆ.

ಆವೃತ್ತಿಯ ಗೊಂದಲ ನಿಜವಾದದ್ದು. ಮೂಲ ಎಲ್‌ಪಿ (ವಿನೈಲ್ ರೆಕಾರ್ಡು, ಇಲ್ಲಿ ಎರಡು ತಟ್ಟೆ, ನಾಲ್ಕು ಬದಿ) 80 ನಿಮಿಷ ದಾಟುತ್ತದೆ, ಅಂದಿನ ಸಿಡಿಗೆ 74 ನಿಮಿಷದ ಮಿತಿ. ಹಾಗಾಗಿ ಸಿಡಿಯಲ್ಲಿ ಮೂರು ಹಾಡು ಬಿಟ್ಟರು: ‘ಮಿಸ್ಟರ್ ರೋಬೋಟ್ಸ್ ಹೋಲಿ ಆರ್ಡರ್ಸ್’, ‘ಲಿಟ್ಲ್ ಮ್ಯಾನ್ ವಿತ್ ಎ ಗನ್ ಇನ್ ಹಿಸ್ ಹ್ಯಾಂಡ್’, ವ್ಯಾನ್ ಹೇಲನ್ ಬ್ಯಾಂಡಿನ ಒಂದು ಹಾಡಿನ ಪುಟಾಣಿ ರೂಪ. ಬದಿಗಳ ಆರಂಭದ ಕಾರಿನ ಸದ್ದುಗಳಲ್ಲೂ ಹೆಚ್ಚಿನವು ಹೋದವು. ನಿಮ್ಮ ಕೈಗೆ ಬಂದದ್ದರಲ್ಲಿ ಈ ಮೂರು ಹಾಡು ಇವೆಯೇ ನೋಡಿ, ಇಲ್ಲದಿದ್ದರೆ ಅದು ಸಿಡಿಯ ಪಟ್ಟಿ. ಆಗುವುದಾದರೆ ಎಲ್‌ಪಿಯನ್ನೇ ಕೇಳಿ. ಮೂರು ಬದಿಯನ್ನು ಮೂವರು ಸದಸ್ಯರು ಒಬ್ಬೊಬ್ಬರಾಗಿ ಆರಿಸಿದ್ದು, ಉಳಿದ ಹಾಡುಗಳನ್ನು ನಾಲ್ಕನೆಯದಕ್ಕೆ ಹಾಕಿ ‘ಚಾಫ್’ ಎಂದು ಹೆಸರಿಟ್ಟರು. ಕಾಳು ತೂರಿದ ಮೇಲೆ ಉಳಿದ ಹೊಟ್ಟು! ಆ ಹೊಟ್ಟಿನಲ್ಲೂ ಒಳ್ಳೆಯ ಹಾಡುಗಳಿವೆ.

ಎರಡನೇಬದಿ:

ನಾಲ್ಕುತಂತಿ ಅವರ ಮಾತಿಗೆ ಒಂದು ಸೇರಿಕೆ. ಈ ಎರಡು ಜೋಡಿ ಆಲ್ಬಂ ಒಂದಕ್ಕೊಂದು ಸಂಬಂಧವಿಲ್ಲದೆ ಬಂದವಲ್ಲ. ಮಿನಟ್‌ಮೆನ್ 1983ರ ನವೆಂಬರ್‌ನಲ್ಲಿ ಒಂದು ಎಲ್‌ಪಿಗೆ ಸಾಕಾಗುವಷ್ಟು ರೆಕಾರ್ಡ್ ಮಾಡಿ ಇಟ್ಟಿದ್ದರು. ಹಸ್ಕರ್ ಡೂ ಡಬಲ್ ಆಲ್ಬಂ ಮಾಡಿದ ಸುದ್ದಿ ಕೇಳಿ ಮತ್ತಷ್ಟು ಹಾಡು ಬರೆದು, 1984ರ ಏಪ್ರಿಲ್‌ನಲ್ಲಿ ಈಥನ್ ಜೇಮ್ಸ್ ಅವರ ರೇಡಿಯೊ ಟೋಕಿಯೊ ಸ್ಟುಡಿಯೊಕ್ಕೆ ವಾಪಸ್ ಹೋದರು. ಎರಡೂ ಎಸ್‌ಎಸ್‌ಟಿ ಎಂಬ ಲೇಬಲ್ಲಿನವು (ರೆಕಾರ್ಡ್ ಕಂಪನಿ), ಕ್ರಮಸಂಖ್ಯೆ 027 ಮತ್ತು 028, ಎರಡೂ ಬಂದದ್ದು ಜುಲೈನಲ್ಲಿ.

‘ಮೈ ವಾರ್’ ಎರಡನೇ ಬದಿ ಎಳೆಯುತ್ತದೆ ಅನ್ನುವವರಿಗೆ ನನ್ನ ಉತ್ತರ: ಅದು ಎಳೆಯಲೆಂದೇ ಇರುವುದು. ಮೂರೇ ಹಾಡು, ಮೂರೂ 6 ನಿಮಿಷದ ಮೇಲೆ. ವೇಗ ಬೇಕೆಂದು ಬಂದ ಜನರ ಎದುರು ಇದನ್ನು ನುಡಿಸುವುದಕ್ಕೆ ಎದೆಗಾರಿಕೆ ಬೇಕು. ಸಿಯಾಟಲ್ ಕಡೆಯ ಮೆಲ್ವಿನ್ಸ್, ಮಡ್‌ಹನಿ ಇಂಥ ಬ್ಯಾಂಡುಗಳು ಹಿಡಿದ ದಾರಿ ಈ ಬದಿಯಿಂದ ಹೊರಟದ್ದು. ಥ್ರ್ಯಾಶ್ ಕೇಳುವವರಿಗೆ ನಿಧಾನದ, ಭಾರದ ಸದ್ದಿನ ಬ್ಲ್ಯಾಕ್ ಸಬಾತ್ ಬ್ಯಾಂಡ್ ಗೊತ್ತೇ ಇರುತ್ತದೆ. ಮೊದಲನೇ ಬದಿಯ ಕಿವಿಯನ್ನು ಅಲ್ಲೇ ಬಿಟ್ಟು, ಸಬಾತ್ ಕೇಳುವ ಕಿವಿಯಲ್ಲಿ ಇದನ್ನು ಕೇಳಲಿ. ಮೊದಲನೇ ಬದಿ ಮುಗಿದ ತಕ್ಷಣ ಹಾಕಬೇಡಿ, ಒಂದು ಗಂಟೆ ಬಿಟ್ಟು ಎರಡನೇ ಬದಿಯನ್ನಷ್ಟೇ ಪ್ರತ್ಯೇಕವಾಗಿ ಹಾಕಿ. ವಾಲ್ಯೂಮ್ ಸ್ವಲ್ಪ ಹೆಚ್ಚಿರಲಿ. ನಿಧಾನದ ಹಾಡನ್ನು ಮೆಲ್ಲಗೆ ಕೇಳಿದರೆ ಪೆಟ್ಟು ಪೆಟ್ಟಿನ ನಡುವಿನ ಜಾಗ ಖಾಲಿ ಅನ್ನಿಸುತ್ತದೆ, ಜೋರಾಗಿ ಕೇಳಿದರೆ ಅಲ್ಲಿ ಗಿಟಾರಿನ ಫೀಡ್‌ಬ್ಯಾಕ್ ತುಂಬಿರುವುದು ತಿಳಿಯುತ್ತದೆ.

ಕವರ್ ಮೇಲೆ ಬೇಸ್ ವಾದಕ ಡೇಲ್ ನಿಕ್ಸನ್ ಎಂದಿದೆ. ಅಂಥ ಮನುಷ್ಯ ಇಲ್ಲ, ಬ್ಯಾಂಡಿನ ಗಿಟಾರ್ ವಾದಕ ಗ್ರೆಗ್ ಗಿನ್ ತಾನೇ ಬೇಸ್ ಕೂಡ ನುಡಿಸಿ ಆ ಹೆಸರು ಹಾಕಿಕೊಂಡದ್ದು. ಡ್ರಮ್ಸ್ ಬಿಲ್ ಸ್ಟೀವನ್ಸನ್.

ಇದೇ ವರ್ಷ ಬ್ಲ್ಯಾಕ್ ಫ್ಲ್ಯಾಗ್ ‘ಫ್ಯಾಮಿಲಿ ಮ್ಯಾನ್’, ‘ಸ್ಲಿಪ್ ಇಟ್ ಇನ್’ ಕೂಡ ಹೊರತಂದರು. ಒಂದೇ ವರ್ಷಕ್ಕೆ ಇಷ್ಟು ಯಾಕೆ ಅಂದರೆ, ಯುನಿಕಾರ್ನ್ ಎಂಬ ಕಂಪನಿಯ ಜೊತೆಗಿನ ಕೋರ್ಟ್ ವ್ಯಾಜ್ಯದಿಂದ ತಮ್ಮ ಹೆಸರಿನಲ್ಲಿ ಹೊಸ ರೆಕಾರ್ಡ್ ಬಿಡಲು ಆಗದೆ ಕೂತಿದ್ದರು. 1983ರ ಕೊನೆಯಲ್ಲಿ ಯುನಿಕಾರ್ನ್ ದಿವಾಳಿಯಾಯಿತು, ಕಟ್ಟೆ ಒಡೆಯಿತು. ‘ಫ್ಯಾಮಿಲಿ ಮ್ಯಾನ್’ ಪಟ್ಟಿಗೆ ಬೇಡ. ಒಂದು ಬದಿ ಬರೀ ಮಾತು, ಇನ್ನೊಂದರಲ್ಲಿ ಹೆಚ್ಚುಪಾಲು ವಾದ್ಯ. ಹೊಸಬರಿಗೆ ಅದು ಬಾಗಿಲಾಗುವುದಿಲ್ಲ.

ಕಡ್ಡಿಪೆಟ್ಟು:

ಪಟ್ಟಿ ಚೆನ್ನಾಗಿದೆ, ಆದರೆ ಐದರಲ್ಲಿ ನಾಲ್ಕು ಎಸ್‌ಎಸ್‌ಟಿ! ಒಂದು ಲೇಬಲ್ಲಿನ ಕತೆಯನ್ನೇ ವರ್ಷದ ಕತೆ ಅಂತ ಒಪ್ಪಲು ನಾನು ತಯಾರಿಲ್ಲ. ವೇಗ ಮುಗಿದಿತ್ತು ಅನ್ನುವುದು ಲಾಸ್ ಏಂಜಲಿಸ್‌ನಲ್ಲಿ ನಿಂತು ನೋಡಿದರೆ ಸರಿ. ಸ್ಟಾಕ್‌ಹೋಮ್‌ನಲ್ಲಿ, ಸಾವೊ ಪೌಲೊದಲ್ಲಿ ಆಗಿನ್ನೂ ಬಿಸಿ ಏರುತ್ತಿತ್ತು.

ಆರನೆಯದಕ್ಕೆ ನನ್ನ ಮತ ಬ್ರೆಜಿಲ್‌ನ ರಾಟೋಸ್ ಡಿ ಪೊರಾವ್ ಅವರ ‘ಕ್ರುಸಿಫಿಕಾಡೋಸ್ ಪೆಲೊ ಸಿಸ್ಟೆಮಾ’ಗೆ. ಮಿಲಿಟರಿ ಆಳ್ವಿಕೆ ಇನ್ನೂ ಇಳಿದಿರಲಿಲ್ಲ, ಅದು ಇಳಿದದ್ದು 1985ರಲ್ಲಿ. ಆ ವಾತಾವರಣದಲ್ಲಿ ಬಂದ ಎಲ್‌ಪಿ. ಥ್ರ್ಯಾಶ್ ಕಡೆಯವರಿಗೆ ಇದು ನೇರ ಸೇತುವೆ, ಶೀರ್ಷಿಕೆ ಹಾಡನ್ನು ಮುಂದೆ ಬ್ರೆಜಿಲ್‌ನದೇ ಮೆಟಲ್ ಬ್ಯಾಂಡ್ ಸೆಪುಲ್ಟುರಾ ಅವರೇ ನುಡಿಸಿದ್ದಾರೆ.

ಇಪಿ ಆಗಬಹುದು ಅಂದಿದ್ದೀರಲ್ಲ, ಹಾಗಾದರೆ ಸ್ವೀಡನ್‌ನ ಮಾಬ್ 47 ಅವರ ‘ಶೆರ್ನ್‌ವಾಪೆನ್ ಅಟಾಕ್’ (ಅಣ್ವಸ್ತ್ರ ದಾಳಿ) ಬಿಡಬೇಡಿ. ಆಂಟಿ ಸಿಮೆಕ್ಸ್ ಅವರ ‘ವಿಕ್ಟಿಮ್ಸ್ ಆಫ್ ಎ ಬಾಂಬ್ ರೇಡ್’ ಕೂಡ ಅದೇ ವರ್ಷದ್ದು. ಅಮೆರಿಕದ ಪರ್ಶಿಂಗ್ ಅಣುಕ್ಷಿಪಣಿಗಳು 1983ರ ಕೊನೆಗೆ ಪಶ್ಚಿಮ ಜರ್ಮನಿಗೆ ಬಂದಿಳಿದಿದ್ದವು. ಯುರೋಪಿನ ಪಂಕ್‌ನಲ್ಲಿ ಅಣುಬಾಂಬು ಬರೀ ಅಲಂಕಾರವಾಗಿರಲಿಲ್ಲ ಅನ್ನುವುದು ಈ ಎರಡು ಇಪಿ ಕೇಳಿದರೆ ತಿಳಿಯುತ್ತದೆ.

ಈ ಸಂಗೀತದ ಬೆನ್ನೆಲುಬು ಡಿ-ಬೀಟ್ ಎಂಬ ಡ್ರಮ್ ತಾಳ, ಬ್ರಿಟನ್ನಿನ ಡಿಸ್ಚಾರ್ಜ್ ಬ್ಯಾಂಡ್ ಕೊಟ್ಟದ್ದು. ಅದನ್ನು ಗುರುತಿಸಲು ಬಂದರೆ ಎಲ್ಲ ಹಾಡೂ ಒಂದೇ ಥರ ಅನ್ನುವ ದೂರು ಅರ್ಧಕ್ಕೆ ಇಳಿಯುತ್ತದೆ. ಎಂಟು ಎಣಿಸಿ. ಕಿಕ್ ಬೀಳುವುದು 1, 4, 6ರಲ್ಲಿ. ಸ್ನೇರ್ (ಕೋಲಿನಿಂದ ಬಾರಿಸುವ ಚಿಕ್ಕ ಡ್ರಮ್) ಬೀಳುವುದು 3, 7ರಲ್ಲಿ. 5ರಲ್ಲಿ ಏನೂ ಇಲ್ಲ. ಮೊದಲು ಕೈತಟ್ಟಿ, ಕಾಲು ಕುಟ್ಟಿ ನಿಧಾನಕ್ಕೆ ಹಿಡಿಯಿರಿ, ಆಮೇಲೆ ವೇಗ. ಎಲ್ಲರೂ ಎಡವುವುದು ಆ ಐದರಲ್ಲೇ: ಅಭ್ಯಾಸಬಲದಿಂದ ಅಲ್ಲಿ ಕಿಕ್ ಹಾಕಿಬಿಡುತ್ತಾರೆ, ಕೂಡಲೇ ಅದು ಮಾಮೂಲಿ ರಾಕ್ ತಾಳ ಆಗುತ್ತದೆ. ಐದು ಖಾಲಿ ಇದ್ದು ಆರಕ್ಕೆ ಕಿಕ್ ಬಿದ್ದಾಗಲೇ ಆ ಮುಗ್ಗರಿಸಿ ಮುನ್ನುಗ್ಗುವ ಓಟ ಬರುವುದು. ಅಮೆರಿಕದ ಬ್ಯಾಂಡುಗಳು ಹೆಚ್ಚಾಗಿ ಹಿಡಿದದ್ದು ಬೇರೆ: ಕಿಕ್, ಸ್ನೇರ್, ಕಿಕ್, ಸ್ನೇರ್ ಎಂದು ಒಂದಾದ ಮೇಲೊಂದು ಸಮವಾಗಿ ಬೀಳುವ ತಾಳ. ‘ವಿಕ್ಟಿಮ್ ಇನ್ ಪೇನ್’ ಮತ್ತು ಮಾಬ್ 47 ಬೆನ್ನುಬೆನ್ನಿಗೆ ಹಾಕಿ ಕೇಳಿ, ವ್ಯತ್ಯಾಸ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಕರಿತಟ್ಟೆ:

‘ನ್ಯೂ ಡೇ ರೈಸಿಂಗ್’ ತೆಗೆದೆ. ರಾಟೋಸ್ ಡಿ ಪೊರಾವ್ ಒಳಗೆ ಬಂತು. ಇಂಗ್ಲೆಂಡಿನದ್ದು ಒಂದೂ ಇಲ್ಲವಲ್ಲ? ಮತ್ತೆ, ಕೇಳುವ ಕ್ರಮ ಯಾವುದು?

ಎರಡನೇಬದಿ:

ಇಂಗ್ಲೆಂಡಿನಿಂದ ಕಾನ್‌ಫ್ಲಿಕ್ಟ್ ಅವರ ‘ಇನ್‌ಕ್ರೀಸ್ ದ ಪ್ರೆಶರ್’. ಒಂದು ಬದಿ ಸ್ಟುಡಿಯೊ, ಇನ್ನೊಂದು ಲಂಡನ್ನಿನ ಬ್ರಿಕ್ಸ್‌ಟನ್ ಏಸ್ ಸಭಾಂಗಣದಲ್ಲಿ ಜನರೆದುರು ನುಡಿಸಿದ್ದು. ಪೂರ್ತಿ ಸ್ಟುಡಿಯೊ ಅಲ್ಲ ಅನ್ನುವ ಒಂದೇ ಕಾರಣಕ್ಕೆ ಬಿಡುವುದು ಬೇಡ. ಗಣಿ ಕಾರ್ಮಿಕರ ಮುಷ್ಕರ ನಡೆಯುತ್ತಿದ್ದ ವರ್ಷ ಅದು. ಇಂಗ್ಲೆಂಡಿನ ಪಂಕ್ ಬ್ಯಾಂಡ್ ಕ್ರಾಸ್ ತಮ್ಮ ಕೊನೆಯ ಕಾರ್ಯಕ್ರಮ ಕೊಟ್ಟದ್ದೂ ಆ ಜುಲೈನಲ್ಲಿ, ವೇಲ್ಸ್‌ನ ಅಬರ್‌ಡೇರ್‌ನಲ್ಲಿ, ಮುಷ್ಕರದಲ್ಲಿದ್ದ ಗಣಿಯವರಿಗಾಗಿ. ಆರರಲ್ಲಿ ಜಾಗ ಬೇಕಿದ್ದರೆ ‘ಮೀಟ್ ಪಪೆಟ್ಸ್ 2’ ತೆಗೆಯಿರಿ. ಅದ್ಭುತ ರೆಕಾರ್ಡು, ನಿರ್ವಾಣ ಬ್ಯಾಂಡ್ 1993ರಲ್ಲಿ ಎಂಟಿವಿಯ ಅನ್‌ಪ್ಲಗ್ಡ್ ಕಾರ್ಯಕ್ರಮಕ್ಕೆ ಆರಿಸಿದ ಮೂರು ಹಾಡು ಇದರವೇ. ಆದರೆ ಅದು ಅಷ್ಟರಲ್ಲೇ ಹಾರ್ಡ್‌ಕೋರ್ ದಾಟಿ ಅರಿಝೋನಾದ ಮರುಭೂಮಿಯ ಕಂಟ್ರಿ ಸಂಗೀತದ ಕಡೆ ಹೊರಟುಬಿಟ್ಟಿದೆ.

ನಾಲ್ಕುತಂತಿ:

‘ಮೀಟ್ ಪಪೆಟ್ಸ್’ ತೆಗೆಯುವುದಕ್ಕೆ ನನ್ನ ವಿರೋಧವಿದೆ. ಹಾರ್ಡ್‌ಕೋರ್‌ನಿಂದ ಹೊರಹೋಗುವ ದಾರಿಗಳೂ ಈ ವರ್ಷದ ಕತೆಯೇ. ನನ್ನನ್ನು ಕೇಳಿದರೆ ಏಳು ಮಾಡಿ.

ಕ್ರಮಕ್ಕೆ: ‘ವಿಕ್ಟಿಮ್ ಇನ್ ಪೇನ್’ ಮೊದಲು. 11 ಹಾಡು, ಕಾಲು ಗಂಟೆ, ಥ್ರ್ಯಾಶ್ ಕಿವಿಗೆ ಸಲೀಸು. ಆಮೇಲೆ ರಾಟೋಸ್ ಡಿ ಪೊರಾವ್, ಕಾನ್‌ಫ್ಲಿಕ್ಟ್. ಇವು ಹಿಡಿಸಿದರೆ ನಡುವೆ ಕರೋಷನ್ ಆಫ್ ಕನ್‌ಫಾರ್ಮಿಟಿ ಅವರ ‘ಐ ಫಾರ್ ಆ್ಯನ್ ಐ’ ಒಂದು ಸಲ ಕೇಳಿ. ಅದೂ 1984ರದ್ದೇ, ನಾರ್ತ್ ಕ್ಯಾರೊಲೈನಾದವರು ಮೆಟಲ್ ಕಡೆ ವಾಲತೊಡಗಿದ್ದು ಅದರಲ್ಲೇ ಕೇಳಿಸುತ್ತದೆ. ಆಮೇಲೆ ‘ಮೈ ವಾರ್’, ಎರಡು ಬದಿ ಬೇರೆಬೇರೆ ಹೊತ್ತಿನಲ್ಲಿ. ಅದಾದ ಮೇಲೆ ‘ಝೆನ್ ಆರ್ಕೇಡ್’, ‘ಮೀಟ್ ಪಪೆಟ್ಸ್ 2’. ‘ಡಬಲ್ ನಿಕಲ್ಸ್’ ಕೊನೆಗೆ, ದಿನಕ್ಕೆ ಒಂದೇ ಬದಿ. ಹಾಡುಗಳು ಒಂದೂವರೆ, ಎರಡು ನಿಮಿಷದವು, ನಲವತ್ತಕ್ಕೂ ಹೆಚ್ಚು. ಒಂದೇ ಸಲ ಕೂತು ಕೇಳಿದರೆ ಮೂರನೇ ಬದಿಯ ಹೊತ್ತಿಗೆ ಯಾವ ಹಾಡೂ ನೆನಪಿನಲ್ಲಿ ನಿಲ್ಲುವುದಿಲ್ಲ. ಶಫಲ್ ಆಫ್ ಮಾಡಿರಿ, ಆಪ್‌ನಲ್ಲಿ ಹಾಡುಗಳ ನಡುವೆ ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆ ಮುಂದಿನದರ ಆರಂಭದೊಳಗೆ ಬೆರೆಯುವುದು) ಇದ್ದರೆ ಅದನ್ನೂ ಆಫ್ ಮಾಡಿ. ಐದು ಸೆಕೆಂಡಿನ ಕ್ರಾಸ್‌ಫೇಡ್ ಇದ್ದರೆ ಇಂಥ ಗಿಡ್ಡ ಹಾಡುಗಳ ತಲೆಯೂ ಬಾಲವೂ ಕಲಸಿಹೋಗುತ್ತವೆ.