ತೆಂಗಿನ ಕೆಳಗಿನ ಮಡಲೆಲ್ಲ ಸುಟ್ಟ ಹಾಗೆ ಒಣಗ್ತಾ ಇದೆ, ಇದು ಕುರುವಾಯಿ ದುಂಬಿಯಾ?

ಹೊಳೆಬದಿ ತೋಟ, ಮೊಗ್ರಾಲ್:
ನಮ್ಮದು ಹೊಳೆ ಪಕ್ಕದ ತೋಟ, 60 ತೆಂಗಿನ ಮರ. ಮಾರ್ಚಿನಿಂದ ಕೆಳಗಿನ ಮಡಲುಗಳು ಒಂದೊಂದೇ ಕಂದಾಗುತ್ತಿವೆ, ರಸ್ತೆಯಿಂದ ನೋಡಿದರೆ ಯಾರೋ ಸೂಟೆ ಹಿಡಿದು ಸುಟ್ಟ ಹಾಗೆ ಕಾಣುತ್ತದೆ. ಸುಳಿ ಮಾತ್ರ ಹಸಿರು. ನೀರು ಸಾಲದೇನೋ ಅಂತ ಎರಡು ವಾರ ಸುಮ್ನೆ ಪಂಪು ಓಡಿಸಿದೆ. ಕಾಯಿ ಕೊಯ್ಯುವವ ಕುರುವಾಯಿ ಅಂದ. ಅಂಗಡಿಯವರು ಬೇರಿಗೆ ಕಟ್ಟುವ ಮದ್ದು ಉಂಟು ಅಂತಾರೆ. ಹಾಕಲಾ?

ನೀರ್ಚಾಲು ಭಾವ:
ಕುರುವಾಯಿ ಅಲ್ಲ ಮಾರಾಯ್ರೆ. ಅದು ಕೊರೆಯುವುದು ಸುಳಿಯನ್ನು, ಆಮೇಲೆ ಮಡಲು ಬಿಚ್ಚಿದಾಗ ಗರಿ ಕತ್ತರಿಯಲ್ಲಿ ಕತ್ತರಿಸಿದ ಹಾಗಿರುತ್ತದೆ. ನೀವು ಒಂದು ಮಡಲು ಇಳಿಸಿ, ಗರಿ ಮಗುಚಿ ನೋಡಿ. ಅಡಿಯಲ್ಲಿ ನೂಲಿಗೆ ಹಿಕ್ಕೆ ಅಂಟಿಸಿ ಕಟ್ಟಿದ, ಮರದ ಹುಡಿಯಂಥ ಸುರಂಗ ಇದ್ದರೆ ಕಪ್ಪು ತಲೆ ಹುಳು. ಒಳಗೆ ಕೂತು ಗರಿಯ ಹಸಿರು ಕೆರೆದು ತಿನ್ನುತ್ತದೆ. ಬೂದು ಬಣ್ಣದ ಸಣ್ಣ ಪತಂಗದ ಮರಿ ಅದು. ಮೊಟ್ಟೆಯಿಂದ ಪತಂಗ ಆಗಲು ಸುಮಾರು ಎರಡು ತಿಂಗಳು ಸಾಕು. ಹೊಳೆಬದಿ, ಕಡಲಬದಿ ತೋಟಗಳಿಗೆ ಬೇಸಿಗೆಯಲ್ಲಿ ಇದರ ಕಾಟ ಜಾಸ್ತಿ. ಬಿಟ್ಟರೆ ಮುಂದಿನ ವರ್ಷದ ಕಾಯಿಗೂ ಪೆಟ್ಟು.

ಪೆರ್ಲದಕ್ಕ:
ಮದ್ದಿಗೆ ಅವಸರ ಬೇಡ ಅಣ್ಣ. ಹಾಕಿದ ಮೇಲೆ ವಾರಗಟ್ಟಲೆ ಸೀಯಾಳ ಮುಟ್ಟುವ ಹಾಗಿಲ್ಲ, ಅದೂ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಜಿಲ್ಲೆ ನಮ್ಮ ಕಾಸರಗೋಡು, ನನಗಂತೂ ಆ ಬಾಟ್ಲಿ ಕಂಡರೇ ಆಗುವುದಿಲ್ಲ. ಜಾಸ್ತಿ ಹಾಳಾದ ಹೊರಗಿನ ಎರಡು ಮೂರು ಮಡಲು ಕಡಿದು ಸುಡಿ. ಆಮೇಲೆ ಗೋನಿಯೋಜಸ್ ಅನ್ನುವ ಕಣಜ ಬಿಡಬೇಕು, ಮರಕ್ಕೆ 20ರಂತೆ. ನೋಡಲು ಕಪ್ಪು ಇರುವೆ ಥರ. ಹುಳವನ್ನು ಕುಟುಕಿ ಮಲಗಿಸಿ ಅದರ ಮೈಮೇಲೇ ಮೊಟ್ಟೆ ಇಟ್ಟು, ಮರಿ ದೊಡ್ಡದಾಗುವ ತನಕ ಕಾವಲು ಕೂರುತ್ತದೆ! ಕೃಷಿಭವನದಲ್ಲೋ ಕೂಡ್ಲಿನ ಸಿಪಿಸಿಆರ್‌ಐಯಲ್ಲೋ (ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ವಿಚಾರಿಸಿ. 1916ರಲ್ಲಿ ತೆಂಗಿಗೆಂದೇ ಶುರುವಾದ ಜಾಗ ಅದು, ನಾವೇ ಅತ್ತ ಹೋಗುವುದು ಕಡಿಮೆ.

ಹೊಳೆಬದಿ ತೋಟ, ಮೊಗ್ರಾಲ್:
ಇವತ್ತು ಮಡಲು ಇಳಿಸಿದೆ. ಭಾವ ಹೇಳಿದ ಸುರಂಗವೇ, ಗರಿಗರಿಯಲ್ಲೂ. ಒಂದು ಕಡೆ ಮಾತ್ರ ಹುಳು ಬತ್ತಿಯ ಹಾಗೆ ಜೋತು ಬಿದ್ದಿತ್ತು, ಬೆನ್ನ ಮೇಲೆ ಅನ್ನದ ನುಚ್ಚಿನಂಥ ಏಳೆಂಟು ಬಿಳಿ ಮರಿ. ಪಕ್ಕದಲ್ಲೇ ಕಪ್ಪು ಇರುವೆಯಂಥದ್ದೊಂದು, ಕಡ್ಡಿಯಲ್ಲಿ ತಿವಿದರೂ ಹೋಗಲಿಲ್ಲ. ಅಕ್ಕ ಹೇಳಿದ್ದು ಇದೇ ಅಲ್ವಾ? ಇದನ್ನೂ ಸುಡಬೇಕಾ?

ಪೆರ್ಲದಕ್ಕ:
ಅಯ್ಯೋ ಬೇಡ! ಅದೇ ಅದು. ಆ ಗರಿ ಮಾತ್ರ ಕತ್ತರಿಸಿ, ಹುಳು ಜಾಸ್ತಿ ಇರುವ ಇನ್ನೊಂದು ಮರಕ್ಕೆ ಕಟ್ಟಿ. ಚೋಣಿ ಇರುವೆ ಹತ್ತದ ಹಾಗೆ ನೋಡಿಕೊಳ್ಳಿ.